ರೂಟರ್‌ಗೆ ಪೂರ್ತಿ ದಾರಿ ಗೊತ್ತಿರಲ್ಲ

ಗುಂಡ್ಲುಪೇಟೆಯಿಂದ ಅಮ್ಮನ ಫೋನು. "ಡಬ್ಬದಲ್ಲಿ ವೈ-ಫೈ ದೀಪ ಉರೀತಾನೇ ಅದೆ, ನೆಟ್ ಮಾತ್ರ ಬತ್ತಿಲ್ಲ ಕನಪ್ಪ." ಅವತ್ತು ತಂಗಿಯ ಪರೀಕ್ಷೆ ಅರ್ಜಿಗೆ ಕೊನೇ ದಿನ, ರಾತ್ರಿ ಹನ್ನೆರಡರೊಳಗೆ ಹೋಗಬೇಕು. ಐದು ಸಲ ಆಫ್ ಮಾಡಿ ಆನ್ ಮಾಡಿದ್ದಾಗಿತ್ತು. ಇಂಜಿನಿಯರ್ ಮಗ ಇದ್ದೂ ಏನು ಪ್ರಯೋಜನ ಅನ್ನೋ ಧಾಟಿ ಬೇರೆ.

ಆ ದೀಪ ಹೇಳೋದು ಮನೆಯೊಳಗಿನ ಸಂಗತಿ ಮಾತ್ರ. ಮನೆ ರೂಟರ್‌ಗೆ ಹೆಚ್ಚೇನೂ ತಿಳಿಯದು: ಮನೆಯ ಫೋನು, ಲ್ಯಾಪ್‌ಟಾಪ್ ಯಾವುವು ಅಂತ ಗೊತ್ತು, ಮಿಕ್ಕಿದ್ದನ್ನೆಲ್ಲ ಕಂಪನಿಯ ರೂಟರ್‌ಗೆ ದಾಟಿಸೋದು ಗೊತ್ತು. ಅಲ್ಲಿಂದಾಚೆ ಏನಾಯ್ತೋ ಅದಕ್ಕೆ ಕಾಣಲ್ಲ.

ನಮ್ಮೂರು ರಸ್ತೆ ಕವಲೊಡೆಯೋ ಜಾಗ. ಮೈಸೂರಿಂದ ಬಂದವರು ಇಲ್ಲಿಂದ ಊಟಿಗೋ, ಸುಲ್ತಾನ್ ಬತ್ತೇರಿಗೋ, ಚಾಮರಾಜನಗರಕ್ಕೋ ತಿರುಗಬೇಕು. ಟೀ ಅಂಗಡಿಯವರನ್ನ ಕಲ್ಲಿಕೋಟೆಗೆ ದಾರಿ ಕೇಳಿದ್ರೆ "ಈ ರಸ್ತೆ ಹಿಡೀರಿ, ಮುಂದೆ ಕೇಳ್ಕೊಂಡು ಹೋಗಿ" ಅಂತಾರೆ. ರೂಟರ್ ಮಾಡೋದೂ ಇದನ್ನೇ. ನೀವು ಕಳಿಸಿದ 3 ಎಂಬಿ ಫೋಟೋ ಸುಮಾರು ಎರಡು ಸಾವಿರ ತುಂಡಾಗುತ್ತೆ. ಪ್ರತಿ ತುಂಡಿನ ಮೇಲೂ ವಿಳಾಸ. ರೂಟರ್ ತನ್ನ ಪಟ್ಟಿ ನೋಡಿ ಮುಂದಿನ ಒಂದು ತಿರುವನ್ನಷ್ಟೇ ತೋರಿಸುತ್ತೆ.

ರಸ್ತೆ ಮುಚ್ಚಿದ್ರೆ? 2009ರಿಂದ ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್; ಆಂಬುಲೆನ್ಸ್, ಕೆಲವು ಬಸ್ಸುಗಳಿಗೆ ಮಾತ್ರ ಬಿಡುವು. ಗೊತ್ತಿರೋ ಲಾರಿಯವರು ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಮಾನಂದವಾಡಿ ಸೇರ್ತಾರೆ. ಗೊತ್ತಿಲ್ಲದವರು ಮದ್ದೂರು ಚೆಕ್‌ಪೋಸ್ಟ್‌ನಲ್ಲಿ ಬೆಳಗಾಗೋವರೆಗೆ ನಿದ್ದೆ ಹೊಡೀತಾರೆ. ರೂಟರ್‌ಗಳು ಮಾತ್ರ ಇಂಥ ಸುದ್ದೀನ ಅಕ್ಕಪಕ್ಕದವಕ್ಕೆ ತಕ್ಷಣ ಹೇಳ್ತವೆ. ಸಾಮಾನ್ಯವಾಗಿ ಕೆಲವೇ ಸೆಕೆಂಡಲ್ಲಿ ಬದಲಿ ದಾರಿ ಪಟ್ಟಿ ಸೇರುತ್ತೆ.

ಒಂದೇ ಕಂಪನಿಯೊಳಗೆ ಇದು ಹತ್ತಿರದ ದಾರಿ ಹುಡುಕೋ ಲೆಕ್ಕ. ಕಂಪನಿ ಕಂಪನಿಗಳ ನಡುವೆ ಬಿಜಿಪಿ ಅನ್ನೋ ಬೇರೆ ಭಾಷೆ. ಅಲ್ಲಿ ದೂರಕ್ಕಿಂತ ಯಾರ ಜೊತೆ ಒಪ್ಪಂದ ಇದೆ ಅನ್ನೋದೇ ಮುಖ್ಯ. ನಿಮ್ಮದೊಂದು ಕಂಪನಿ, ಚಾಮರಾಜನಗರದ ಅಕ್ಕನದು ಇನ್ನೊಂದು ಆದ್ರೆ, ಪಕ್ಕದೂರಿಗೆ ಕಳಿಸಿದ ಫೋಟೋ ಬೆಂಗಳೂರನ್ನೋ ಚೆನ್ನೈಯನ್ನೋ ಸುತ್ತಿ ಬರಬಹುದು.

ಈ ಏರ್ಪಾಡು ನಿಂತಿರೋದು ಬಹುಪಾಲು ನಂಬಿಕೆ ಮೇಲೆ. 2008ರ ಫೆಬ್ರವರಿಯಲ್ಲಿ ಪಾಕಿಸ್ತಾನ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯೋಕೆ ಹಾಕಿದ ಸುಳ್ಳು ದಾರಿ ಹೊರಗೂ ಸೋರಿತು. ಪಕ್ಕದ ರೂಟರ್‌ಗಳು ನಂಬಿದವು, ಸುಮಾರು ಎರಡು ಗಂಟೆ ಪ್ರಪಂಚದ ಬಹಳಷ್ಟು ಕಡೆ ಯೂಟ್ಯೂಬ್ ಸಿಗಲಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್‌ನ ರೂಟರ್‌ಗಳೇ "ನಮ್ಮಲ್ಲಿಗೆ ದಾರಿ ಇಲ್ಲ" ಅಂದುಬಿಟ್ಟವು. ವಾಟ್ಸಾಪ್ ಸಮೇತ ಸುಮಾರು ಆರು ಗಂಟೆ ಬಂದ್. ನಮ್ಮಲ್ಲಿ ಆಗ ರಾತ್ರಿ 9 ದಾಟಿತ್ತು, ಸರಿಯಾಗಿ ಬಂಡೀಪುರದ ಗೇಟ್ ಬೀಳೋ ಹೊತ್ತು! ಪಾಪ, ಎಷ್ಟು ಜನ ಮನೆ ರೂಟರ್‌ಗೆ ಬೈದರೋ.

ಎಲ್ಲಕ್ಕೂ ಬದಲಿ ದಾರಿ ಇರಬೇಕಷ್ಟೆ. ನಮ್ಮನೆಗೆ ಇರೋದು ಒಂದೇ ಕೇಬಲ್. ಅಮ್ಮನ ಮೊಬೈಲ್ ಸಿಮ್ ಬೇರೆ ಕಂಪನಿಯದು ಅಂತ ನೆನಪಾಯ್ತು. "ಅಮ್ಮಾ, ಡಬ್ಬ ಬಿಡು, ನಿನ್ನ ಫೋನ್‌ನಲ್ಲಿ ಹಾಟ್‌ಸ್ಪಾಟ್ ಹಾಕು" ಅಂದೆ. 11.20ಕ್ಕೆ ತಂಗಿ ಅರ್ಜಿ ನಂಬರ್ ಕಳಿಸಿದಳು. ಮೋರಿ ಕೆಲಸಕ್ಕೆ ಅಗೆದಾಗ ಕೇಬಲ್ ತುಂಡಾಗಿದ್ದು ಗೊತ್ತಾಗಿದ್ದು ಮಾರನೇ ದಿನ.