ಅಳಿಲಿಗೆ ಕೋವಿ ಎತ್ತುವ ಮೊದಲು

ನಮ್ಮ ಸಂಘದ ಉಪಕರಣ ಮಾರಾಟ ವಿಭಾಗದಲ್ಲಿ ದೋಟಿ, ಕತ್ತಿ, ಸಿಂಪರಣೆ ಪಂಪುಗಳ ಜೊತೆಗೆ ಏರ್ ಗನ್ನುಗಳನ್ನೂ ತರಿಸಿ ಸದಸ್ಯರಿಗೆ ಒದಗಿಸಬೇಕೆಂದು ಕೆಲವರು ಬರವಣಿಗೆಯಲ್ಲಿ ಕೇಳಿಕೊಂಡಿದ್ದಾರೆ. ಕಾರಣ, ಅಳಿಲು. 2024ರಲ್ಲಿ ಕೋಕೋ ಧಾರಣೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದಾಗ, ಅಡಿಕೆ ಮರಗಳ ನಡುವೆ ಅದುವರೆಗೆ ಕೇಳುವವರಿಲ್ಲದೆ ನಿಂತಿದ್ದ ಕೋಕೋ ಗಿಡಗಳ ಕಡೆಗೆ ಎಲ್ಲರ ದೃಷ್ಟಿಯೂ ಹೊರಳಿತು. ದೃಷ್ಟಿ ಹೊರಳಿದ ಮೇಲೆ ತೂತು ಬಿದ್ದ ಕಾಯಿಗಳೂ ಕಣ್ಣಿಗೆ ಬೀಳತೊಡಗಿದವು. ತೂತು ಮೊದಲೂ ಇತ್ತು, ಲೆಕ್ಕ ಇಡುವವರು ಇರಲಿಲ್ಲ, ಅಷ್ಟೆ.

ಅರ್ಜಿ ಕೊಡಲು ಬಂದ ಯುವಕ ಸದಸ್ಯರೊಬ್ಬರು ತಮ್ಮ ಫೋನಿನಲ್ಲಿ ಒಂದು ಚಿತ್ರವನ್ನೂ ತೋರಿಸಿದರು. ಅಮೆರಿಕದ ಕಾಡೊಂದರಲ್ಲಿ ತಂದೆಯೊಬ್ಬ ಹತ್ತು ಹನ್ನೆರಡು ವರ್ಷದ ಮಗನಿಗೆ ಅಳಿಲು ಬೇಟೆಯನ್ನು ಹೇಳಿಕೊಡುತ್ತಿರುವ ಚಿತ್ರ. "ಅಲ್ಲಿ ಬೇಟೆಗೆ ಇದೇ ಓನಾಮವಂತೆ ಸಾರ್, ನಮಗೆ ಮಾತ್ರ ಏಕೆ ಕೂಡದು?" ಎಂಬುದು ಅವರ ಪ್ರಶ್ನೆ. ಗದರಿಸಿ ಕಳಿಸಬೇಕಾದ ಪ್ರಶ್ನೆಯಲ್ಲ ಇದು. ಏರ್ ಗನ್ ತರಿಸುವುದು ಬೇಡವೆಂಬುದೇ ನನ್ನ ಅಭಿಪ್ರಾಯ. ಆದರೆ ಬೇಡ ಎನ್ನುವವನು ಕಾರಣ ಹೇಳಬೇಕಾದ್ದು ನ್ಯಾಯ.

ಮೊದಲು ಅಮೆರಿಕದ ಸಂಗತಿಯನ್ನೇ ನೋಡೋಣ. ಅಲ್ಲಿ ಹೊಸಬನಿಗೆ ಅಳಿಲನ್ನು ಮೊದಲ ಬೇಟೆಯಾಗಿ ಹೇಳುವುದು ನಿಜ. ಅವರ ಬೂದು ಅಳಿಲು ಸುಮಾರು ಅರ್ಧ ಕಿಲೋ ತೂಗುವ ಪ್ರಾಣಿ. ಓಕ್, ಹಿಕರಿ ಮರಗಳ ಕಾಡಿನಲ್ಲಿ ಧಾರಾಳವಾಗಿದೆ. ವರ್ಷಕ್ಕೆ ಎರಡು ಸೂಲು, ಸೂಲಿಗೆ ಎರಡರಿಂದ ನಾಲ್ಕು ಮರಿ. ಬೇಟೆಗಾರ ಬೆಳಗಿನ ಜಾವ ಹೋಗಿ ಒಂದು ಮರಕ್ಕೆ ಬೆನ್ನು ಕೊಟ್ಟು ಅಲುಗಾಡದೆ ಕೂರುತ್ತಾನೆ. ಕಾಲು ಗಂಟೆ ಕಳೆದರೆ ಕಾಡು ಅವನನ್ನು ಮರೆಯುತ್ತದೆ, ಕಾಯಿ ಕೆರೆಯುವ ಸದ್ದು, ಸಿಪ್ಪೆ ಉದುರುವ ಸದ್ದು ಕೇಳಿಸುತ್ತದೆ. ನಮ್ಮ ಹಿರಿಯರು ಮರಸು ಕೂರುವುದು ಎನ್ನುತ್ತಿದ್ದರಲ್ಲ, ಅದರ ನೆಲದ ಮೇಲಿನ ರೂಪ ಎನ್ನಬಹುದು. ತಾಳ್ಮೆ, ಕಿವಿ, ಗುರಿ ಈ ಮೂರೂ ಕಲಿಯಲಿಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲವೆಂದು ಅವರು ಹೇಳುತ್ತಾರೆ. ಹೊಡೆದದ್ದನ್ನು ಮನೆಗೆ ತಂದು ಅಡಿಗೆ ಮಾಡಿ ಉಣ್ಣುತ್ತಾರೆ, ಬಿಸಾಡುವುದಿಲ್ಲ.

ಫೋನಿನ ಚಿತ್ರದಲ್ಲಿ ಕಾಣಿಸದ ಸಂಗತಿಗಳು ಬೇರೆ ಇವೆ. ಆ ಹುಡುಗ ಕಾಡಿಗೆ ಕಾಲಿಡುವ ಮೊದಲು ಹೆಚ್ಚಿನ ರಾಜ್ಯಗಳಲ್ಲಿ ಕೋವಿ ಸುರಕ್ಷತೆಯ ಪಾಠ ಕಲಿತು ತೇರ್ಗಡೆಯಾಗಿರಬೇಕು, ಅಥವಾ ಪರವಾನಗಿ ಉಳ್ಳ ಹಿರಿಯನ ಕೈಯಳತೆಯಲ್ಲಿರಬೇಕು. ಬೇಟೆಗೆ ಗೊತ್ತಾದ ಕಾಲವುಂಟು. ದಿನಕ್ಕೆ ಇಷ್ಟೇ ಎಂಬ ಮಿತಿಯುಂಟು, ಪೆನ್ಸಿಲ್ವೇನಿಯಾದಲ್ಲಿ 6, ಮಿಸೌರಿಯಲ್ಲಿ 10. ಹಲವು ಕಡೆ ದೂರಕ್ಕೆ ಕಾಣುವ ಕಿತ್ತಳೆ ಬಣ್ಣದ ಮೇಲಂಗಿ ಕಡ್ಡಾಯ. ಕೋವಿ, ತೋಟೆಗಳ ಮೇಲೆ 1937ರಿಂದ ಒಂದು ಕೇಂದ್ರ ತೆರಿಗೆ ಇದ್ದು, ಆ ಹಣ ವನ್ಯಪ್ರಾಣಿಗಳ ಪೋಷಣೆಗೇ ಹೋಗುತ್ತದೆ. ಇಷ್ಟೆಲ್ಲ ಬೇಲಿ ಹಾಕಿದ ಮೇಲೆ ಒಳಗೆ ಒಬ್ಬ ಹುಡುಗನನ್ನು ಬಿಟ್ಟಿದ್ದಾರೆ.

ಈ ಬೇಲಿ ಅವರಿಗೆ ಹುಟ್ಟುಗುಣವೇನೂ ಅಲ್ಲ. ನಮ್ಮಂತೆಯೇ ಬೆಳೆ ಕಳೆದುಕೊಂಡು ಅಳಿಲಿನ ಮೇಲೆ ಹಲ್ಲು ಕಡಿದವರು ಅವರ ಪೂರ್ವಿಕರು. ಜೋಳದ ಹೊಲಕ್ಕೆ ನುಗ್ಗುತ್ತವೆಂದು 1749ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಅಳಿಲಿನ ತಲೆಗೆ ಮೂರು ಪೆನ್ಸ್ ಇನಾಮು ಕೊಟ್ಟರು. ಒಂದೇ ವರ್ಷದಲ್ಲಿ 8,000 ಪೌಂಡು ಖರ್ಚಾಯಿತು. ಲೆಕ್ಕ ಹಾಕಿದರೆ 6,40,000 ಅಳಿಲು. ಬೊಕ್ಕಸ ಬರಿದಾಗುವ ಹೆದರಿಕೆಯಿಂದ ಇನಾಮನ್ನು ಇಳಿಸಬೇಕಾಯಿತು. ಓಹಿಯೋದಲ್ಲಿ 1807ರಲ್ಲಿ ತೆರಿಗೆಯ ಜೊತೆಗೆ ಇಂತಿಷ್ಟು ಅಳಿಲಿನ ತಲೆಚರ್ಮ ಒಪ್ಪಿಸಬೇಕೆಂಬ ಕಾನೂನೇ ಬಂತು. (ನಮ್ಮ ಕಂದಾಯದವರಿಗೆ ಇದು ತಿಳಿಯದಿರಲಿ.) ಒಂದು ಕಡೆ ಕೋವಿ, ಇನ್ನೊಂದು ಕಡೆ ಮರ ಕಡಿತ. ಇಪ್ಪತ್ತನೆಯ ಶತಮಾನ ಕಾಲಿಡುವ ಹೊತ್ತಿಗೆ ಪೂರ್ವ ರಾಜ್ಯಗಳ ಎಷ್ಟೋ ಕಡೆ ಬೂದು ಅಳಿಲು ಅಪರೂಪವಾಗಿತ್ತು. ಬೇಟೆಯ ಕಾಲ, ದಿನದ ಮಿತಿ ಮುಂತಾದವು ಬಿಗಿಯಾದದ್ದು, ಕಾಡು ಮತ್ತೆ ಬೆಳೆದದ್ದು ಆಮೇಲೆ. ನಮ್ಮ ಯುವಕರು ಈಗ ನೋಡುತ್ತಿರುವುದು ಆ ಕಥೆಯ ಕೊನೆಯ ಪುಟವನ್ನು ಮಾತ್ರ.

ಈಗ ನಮ್ಮ ತೋಟಕ್ಕೆ ಬರೋಣ. ಅಳಿಲು ಎಂದು ನಾವು ಒಂದೇ ಮಾತಿನಲ್ಲಿ ಬೈಯುವುದು ಬೇರೆ ಬೇರೆ ಪ್ರಾಣಿಗಳನ್ನು. ಅಂಗಳದಲ್ಲಿ, ಅಡಿಕೆ ಚಪ್ಪರದ ಮೇಲೆ ಓಡಾಡುವ ಬೆನ್ನ ಗೆರೆಯ ಸಣ್ಣ ಅಳಿಲು ಒಂದು. ರಾತ್ರಿ ಮರದಿಂದ ಮರಕ್ಕೆ ತೇಲುವ ಹಾರುಬೆಕ್ಕು ಇನ್ನೊಂದು, ಹೆಸರು ಬೆಕ್ಕಾದರೂ ಅದು ಅಳಿಲಿನ ಜಾತಿಯೇ. ಮೂರನೆಯದು ಕೆಂದಳಿಲು. ಒಂದೂವರೆ ಎರಡು ಕಿಲೋ ತೂಗುವ, ಮೈಯಷ್ಟೇ ಅಥವಾ ಮೈಗಿಂತ ಉದ್ದದ ಬಾಲದ, ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲದ ಪ್ರಾಣಿ. ಮಹಾರಾಷ್ಟ್ರದವರು ಅದನ್ನು ಶೇಕರು ಎಂದು ಕರೆದು ತಮ್ಮ ರಾಜ್ಯಪ್ರಾಣಿ ಮಾಡಿಕೊಂಡಿದ್ದಾರೆ.

ಕೋವಿ ಹಿಡಿದ ಹೊಸಬನಿಗೆ ಈ ಮೂರರಲ್ಲಿ ಸುಲಭವಾಗಿ ಸಿಕ್ಕುವುದು ಕೆಂದಳಿಲೇ, ಬೇಡವಾದದ್ದೂ ಅದೇ. ಅದು ಹಗಲು ತಿರುಗುತ್ತದೆ, ದೊಡ್ಡದಾಗಿ ಕಾಣುತ್ತದೆ, ಗಾಬರಿಯಾದರೆ ಓಡುವುದರ ಬದಲು ಎಷ್ಟೋ ಸಲ ಕೊಂಬೆಗೆ ಮೈ ಚಪ್ಪಟೆ ಮಾಡಿ ಅಂಟಿಕೊಂಡುಬಿಡುತ್ತದೆ. ಹದ್ದು ಬಂದಾಗ ಬದುಕಿಸುವ ಆ ಉಪಾಯ ಕೋವಿಯ ಮುಂದೆ ಕೊಲ್ಲಿಸುತ್ತದೆ. ಅಮೆರಿಕದ ಅಳಿಲಿನಂತೆ ಇದು ಹಿಂಡು ಹಿಂಡಾಗಿ ಮರಿ ಹಾಕುವ ಪ್ರಾಣಿಯಲ್ಲ, ಸೂಲಿಗೆ ಒಂದೋ ಎರಡೋ. ಒಂಟಿಯಾಗಿ ಬಾಳುತ್ತದೆ, ನೆಲಕ್ಕೆ ಇಳಿಯುವುದು ಅಪರೂಪ, ಕೊಂಬೆಗೆ ಕೊಂಬೆ ಸೇರಿದ ದಾರಿ ಬೇಕು. ಕಾಡು ತುಂಡಾದ ಕಡೆ ಆ ದಾರಿಯನ್ನು ಉಳಿಸಿರುವುದು ನಮ್ಮ ಕಾಫಿ ತೋಟದ ನೆರಳು ಮರಗಳು. ಇದು ನಮ್ಮ ಹೆಚ್ಚುಗಾರಿಕೆಯೂ ಹೌದು, ತಾಪತ್ರಯವೂ ಹೌದು.

ಕಾನೂನಿನ ಮಾತು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಚಾವಡಿಯ ಹರಟೆಯಲ್ಲಿ ತಪ್ಪು ತಿಳುವಳಿಕೆಗಳು ಬಹಳ ಓಡಾಡುತ್ತಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ತಿದ್ದುಪಡಿಯಾದ ಮೇಲೆ ನಮ್ಮ ದೇಶದಲ್ಲಿ ಷೋಕಿಯ ಬೇಟೆ ಎಂಬುದೇ ಇಲ್ಲ. ಬೇಟೆ ಎಂಬ ಶಬ್ದಕ್ಕೆ ಕಾಯಿದೆಯಲ್ಲಿ ಕೊಂದದ್ದು ಮಾತ್ರ ಅರ್ಥವಲ್ಲ. ಗಾಯ ಮಾಡುವುದು, ವಿಷ ಇಡುವುದು, ಉರುಳು, ಬೋನು, ಹಿಡಿಯುವುದು, ಇವಕ್ಕೆ ಪ್ರಯತ್ನ ಮಾಡುವುದು ಕೂಡ ಬೇಟೆಯೇ. ಪೀಡೆ ಪ್ರಾಣಿ ಎಂದು ಹಿಂದೆ ಒಂದು ಪಟ್ಟಿ ಇತ್ತು. ಅದರಲ್ಲಿ ಕಾಗೆ, ಬಾವಲಿ, ಇಲಿ, ಹೆಗ್ಗಣಗಳಿದ್ದವೇ ಹೊರತು ಅಳಿಲು ಇರಲಿಲ್ಲ. 2022ರ ತಿದ್ದುಪಡಿಯಿಂದ ಆ ಪಟ್ಟಿಯೂ ಹೋಯಿತು. ಬೆಳೆಗೆ ಅಪಾಯವಾದರೆ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಕೆಲವು ಪ್ರಾಣಿಗಳ ವಿಷಯದಲ್ಲಿ ಲಿಖಿತ ಅಪ್ಪಣೆ ಕೊಡಲು ಅವಕಾಶವಿದೆ. ಆ ಕಾಗದ ಕೈಯಲ್ಲಿಲ್ಲದೆ "ನನ್ನ ತೋಟ, ನನ್ನ ಬೆಳೆ" ಎಂದರೆ ನಡೆಯುವುದಿಲ್ಲ.

ಏರ್ ಗನ್ನಿಗೆ ಲೈಸೆನ್ಸ್ ಬೇಡವಲ್ಲ ಎನ್ನುತ್ತಾರೆ. 2016ರ ಆಯುಧ ನಿಯಮಗಳ ಪ್ರಕಾರ 0.177 ಅಂಗುಲದ ಒಳಗಿನ, 20 ಜೌಲ್ ಮೀರದ ಏರ್ ಗನ್ನಿಗೆ ಲೈಸೆನ್ಸ್ ಬೇಡವೆಂಬುದು ದಿಟ. ಇಟ್ಟುಕೊಳ್ಳಲು ಬೇಡ, ಪ್ರಾಣಿಗೆ ಹೊಡೆಯಲು ಆ ನಿಯಮ ಏನನ್ನೂ ಕೊಟ್ಟಿಲ್ಲ. ಕೊಡಗಿನ ನಮ್ಮ ಬಾಂಧವರಿಗೂ ಇದೇ ಮಾತು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ಕೋವಿ ಲೈಸೆನ್ಸಿನ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ, ಮುಂದುವರಿಸಲಾಗಿದೆ. ಆ ವಿನಾಯಿತಿ ಆಯುಧ ಕಾಯಿದೆಯಿಂದ ಮಾತ್ರ, ವನ್ಯಜೀವಿ ಕಾಯಿದೆಯಿಂದಲ್ಲ. ಅಪರಾಧ ಸಾಬೀತಾದರೆ ಜೈಲು, ದಂಡ ಒಂದು ಕಡೆ. ಬಳಸಿದ ಕೋವಿ, ಹೋದ ಜೀಪು ಸರ್ಕಾರದ ಪಾಲಾಗುತ್ತವೆ. ಕೋವಿಯ ಲೈಸೆನ್ಸ್ ರದ್ದು ಮಾಡಿ ಐದು ವರ್ಷ ಹೊಸದು ಸಿಗದಂತೆ ನ್ಯಾಯಾಲಯ ಆಜ್ಞೆ ಮಾಡಬಹುದು. ಕಾಡುಹಂದಿ, ಆನೆ ಕಾಟವಿರುವ ನಮ್ಮ ಊರುಗಳಲ್ಲಿ ಬೆಳೆ ರಕ್ಷಣೆಯ ಕೋವಿಯೊಂದನ್ನು ಒಂದು ಅಳಿಲಿಗಾಗಿ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲಿ ಲಾಭವೋ ನನಗೆ ತಿಳಿಯದು.

ಕಾನೂನು ಇಲ್ಲವೆಂದೇ ಇಟ್ಟುಕೊಳ್ಳಿ. ಅಳಿಲಿಗೆ ಹೊಡೆಯುವವನು ಮೇಲಕ್ಕೆ ಹೊಡೆಯುತ್ತಾನೆ. ಅಮೆರಿಕದಲ್ಲಿ ಅಳಿಲಿಗೆ ಬಳಸುವ ಪಾಯಿಂಟ್ ಟೂ ಟೂ ರೈಫಲ್ಲಿನ ಗುಂಡು ಒಂದೂವರೆ ಮೈಲಿಯವರೆಗೂ ಅಪಾಯವೆಂದು ತೋಟೆಯ ಪೆಟ್ಟಿಗೆಯ ಮೇಲೇ ಅಚ್ಚು ಹಾಕಿರುತ್ತಾರೆ. ಅವರಿಗೆ ಮೈಲಿಗಟ್ಟಲೆ ಕಾಡಿದೆ. ನಮ್ಮದು ಎರಡು ಮೂರು ಎಕರೆಯ ಹಿಡುವಳಿ. ಪಕ್ಕದ ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವ ಹೆಂಗಸರು ಗಿಡದ ಮರೆಯಲ್ಲಿ ಕಾಣಿಸುವುದಿಲ್ಲ. ಕಣಿವೆಯ ಕೆಳಗೆ ಲೈನುಮನೆ. ಅಡಿಕೆ ತೋಟದಲ್ಲಿ ಕೊನೆಗಾರ ಮರದ ತುದಿಯಲ್ಲೇ ಇರುತ್ತಾನೆ, ಮರದಿಂದ ಮರಕ್ಕೆ ತೂಗಿ ಹೋಗುತ್ತಾನೆ. ಸೋಗೆ ಅಲುಗಿತೆಂದು ಗುರಿ ಹಿಡಿದರೆ ಅಲುಗಿಸಿದವನು ಯಾರು ಎಂದು ಹೊಸಬನಿಗೆ ಹೇಗೆ ಗೊತ್ತಾಗಬೇಕು? ಮಬ್ಬುಗತ್ತಲೆಯಲ್ಲಿ ಪ್ರಾಣಿಯೆಂದು ಮನುಷ್ಯನಿಗೆ ಗುಂಡು ಹಾರಿಸಿದ ಸುದ್ದಿ ಮಲೆನಾಡಿನ ಪತ್ರಿಕೆಗಳಿಗೆ ಹೊಸದಲ್ಲ. ಕೋವಿಯ ಗುರಿ ಕಲಿಯುವ ಆಸೆ ಇರುವ ಹುಡುಗರು ಕೊಡಗಿನ ಕೈಲ್ ಪೊಳ್ದ್ ಹಬ್ಬದ ತೆಂಗಿನಕಾಯಿ ಗುಂಡು ಹೊಡೆಯುವ ಪಂದ್ಯವನ್ನು ಹೋಗಿ ನೋಡಲಿ. ತೆಂಗಿನಕಾಯಿ ದೂರು ಕೊಡುವುದಿಲ್ಲ.

ಹಿರಿಯ ಸದಸ್ಯರಲ್ಲಿ ಒಂದು ಅರಿಕೆ. ಜಗಲಿಯಲ್ಲಿ ಕುಳಿತು ಹಳೆಯ ಷಿಕಾರಿ ಕಥೆ ಹೇಳುವಾಗ ಅದು ಯಾವ ಕಾಲದ್ದು, ಆಗ ಕಾಡು ಎಷ್ಟಿತ್ತು ಎಂಬುದನ್ನೂ ಸೇರಿಸಿ ಹೇಳಿ. ಕಥೆ ಕೇಳಿದ ಹುಡುಗ ಮಾರನೆಯ ದಿನ ಏರ್ ಗನ್ನಿಗೆ ಅರ್ಜಿ ಬರೆಯುತ್ತಾನೆ.

ಹಾಗಾದರೆ ನಷ್ಟ ಸುಮ್ಮನೆ ಅನುಭವಿಸುವುದೇ? ಇಲ್ಲ. ಮೊದಲು ಕಳ್ಳನನ್ನು ಸರಿಯಾಗಿ ಗುರುತಿಸಬೇಕು. ಕೋಕೋ ಕಾಯಿಯ ತೊಟ್ಟಿನ ಬಳಿ ಕೊರೆದಿದ್ದರೆ ಸಾಮಾನ್ಯವಾಗಿ ಅದು ಇಲಿಯ ಕೆಲಸ, ಕಾಯಿಯ ಹೊಟ್ಟೆಯ ನಡುವೆ ಕೊರೆದಿದ್ದರೆ ಅಳಿಲಿನದು. ಹಗಲು ಕಣ್ಣಿಗೆ ಬೀಳುವ ಅಳಿಲಿನ ಮೇಲೆ ರಾತ್ರಿ ಬಂದುಹೋಗುವ ಇಲಿಯ ತಪ್ಪನ್ನೂ ಹೊರಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ಇಲಿಗೆ ಬೋನು ಇಡಿ, ತೋಟದ ಕಸ ತೆಗೆಯಿರಿ. ಒಂಟಿ ನಿಂತ ತೆಂಗಿನ ಮರಕ್ಕೆ ನೆಲದಿಂದ ಎರಡು ಮೀಟರ್ ಎತ್ತರದಲ್ಲಿ 40 ಸೆಂಟಿಮೀಟರ್ ಅಗಲದ ತಗಡು ಸುತ್ತಿದರೆ ಇಲಿ ಹತ್ತಲಾರದು. ಗರಿಗೆ ಗರಿ ತಾಗಿದ ತೋಟದಲ್ಲಿ ತಗಡಿನಿಂದ ಏನೂ ಆಗದು, ಕೆಂದಳಿಲಿಗಂತೂ ಇಪ್ಪತ್ತು ಅಡಿ ಜಿಗಿತ ನೀರು ಕುಡಿದಷ್ಟು ಸಲೀಸು.

ಅಳಿಲಿಗೆ ಮದ್ದು ಕೊಯ್ಲಿನಲ್ಲಿದೆ. ಅದು ಬರುವುದು ಬಲಿತು ಹಣ್ಣಾಗುವ ಕಾಯಿಗೆ. ಕಾಯಿಯ ಬಣ್ಣ ತಿರುಗಿದ ಕೂಡಲೇ ಕೊಯ್ದರೆ ಅದರ ಪಾಲು ಬಹಳ ಇಳಿಯುತ್ತದೆ. ಅಡಿಕೆ ಕೆಲಸ ಮುಗಿಯಲಿ ಎಂದು ತಿಂಗಳುಗಟ್ಟಲೆ ಕೋಕೋ ಕಾಯಿ ಗಿಡದಲ್ಲೇ ಬಿಟ್ಟು, ಹಣ್ಣಾದ ಮೇಲೆ ಅಳಿಲು ತಿಂದಿತೆಂದರೆ ಆ ಔತಣ ನಾವೇ ಕೊಟ್ಟದ್ದು. ಹತ್ತು ಹದಿನೈದು ದಿನಕ್ಕೊಮ್ಮೆ ಒಂದು ಸುತ್ತು ಹೋಗಿ. ಕಾಡಿನಂಚಿನ ಸಾಲಿನಲ್ಲಿ ಬಲಿಯುತ್ತಿರುವ ಕಾಯಿಗೆ ತೂತು ಹೊಡೆದ ಪ್ಲಾಸ್ಟಿಕ್ ಚೀಲ ಕಟ್ಟುವುದು ಇನ್ನೊಂದು ಕ್ರಮ. ಆಳಿನ ಖರ್ಚು ನೋಡಿದರೆ ಎಲ್ಲ ಕಾಯಿಗೂ ಇದು ಗಿಟ್ಟದು. ಗಿಡಕ್ಕೆ ಬಾಗಿದ ನೆರಳು ಮರದ ಒಂದೆರಡು ಕೊಂಬೆ ಸವರಿದರೂ ಸ್ವಲ್ಪ ಅನುಕೂಲ. ಮರವನ್ನೇ ಕಡಿಯುವುದು ಬೇಡ.

ನಷ್ಟ ನಿಜವಾಗಿ ಎಷ್ಟು ಎಂಬ ಲೆಕ್ಕ ನಮ್ಮಲ್ಲಿ ಯಾರ ಬಳಿಯೂ ಇಲ್ಲ. ಲೆಕ್ಕವಿಲ್ಲದೆ ಅರಣ್ಯ ಇಲಾಖೆಯ ಮುಂದೆ ಸಂಘ ಹೋಗಿ ಕೇಳುವುದಾದರೂ ಏನನ್ನು? ಆದುದರಿಂದ ಸದಸ್ಯರು ಬರುವ ಮೂರು ಕೊಯ್ಲಿನಲ್ಲಿ ಹಾಳಾದ ಕೋಕೋ ಕಾಯಿಗಳನ್ನು ಬಿಸಾಡುವ ಮೊದಲು ಎರಡು ರಾಶಿ ಮಾಡಲಿ, ತೊಟ್ಟಿನ ಬಳಿ ಕೊರೆದವು ಒಂದು, ನಡುವೆ ಕೊರೆದವು ಇನ್ನೊಂದು. ಎರಡರ ಎಣಿಕೆ, ಒಟ್ಟು ಕೊಯ್ದ ಕಾಯಿಯ ಸಂಖ್ಯೆ, ತೋಟ ಕಾಡಿನಂಚಿನಲ್ಲಿದೆಯೇ ಇಲ್ಲವೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಅಡಿಕೆ ತರುವಾಗ ಕಚೇರಿಯ ಗುಮಾಸ್ತರ ಕೈಗೆ ಕೊಡಬೇಕಾಗಿ ವಿನಂತಿ.