ಹೆಸರು ಮಾರುವವರೇ, ಮೊದಲು ಹಲ್ಲು ತೋರಿಸಿ

‘ಪ್ರೀಮಿಯಂ ಡೊಮೇನ್. ದುಡ್ಡು ಬಂದ ತಕ್ಷಣ ಟ್ರಾನ್ಸ್‌ಫರ್.’ ವೆಬ್‌ಸೈಟ್ ಹೆಸರು ಮಾರುವವರ ಜಾಹೀರಾತಿನಲ್ಲಿ ಈ ಎರಡು ಮಾತು ಒಟ್ಟೊಟ್ಟಿಗೇ ಬರುತ್ತವೆ. ಪ್ರೀಮಿಯಂ ಅನ್ನೋದು ಅವರವರ ಅಭಿಪ್ರಾಯ, ಅದರ ಬಗ್ಗೆ ನನ್ನ ತಕರಾರಿಲ್ಲ. ‘ತಕ್ಷಣ ಟ್ರಾನ್ಸ್‌ಫರ್’ ಹಾಗಲ್ಲ. ಆ ಹೆಸರು ನೋಂದಣಿಯಾಗಿ ಇನ್ನೂ ಎರಡು ತಿಂಗಳು ತುಂಬಿಲ್ಲ ಅಂದರೆ ಅದು ಬಹುಮಟ್ಟಿಗೆ ನಡೆಯದ ಮಾತು. ಮಾರುವವರಿಗೆ ಇದು ಚೆನ್ನಾಗಿ ಗೊತ್ತಿರುತ್ತೆ. ಕೊಳ್ಳುವವರಿಗೆ ಸಾಮಾನ್ಯವಾಗಿ ಗೊತ್ತಿರಲ್ಲ.

ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. ಡೊಮೇನ್ ಕೊಂಡೆ ಅಂತೀವಿ, ನಿಜ ಹೇಳಬೇಕಂದ್ರೆ ಅದು ವರ್ಷಕ್ಕಿಷ್ಟು ಅಂತ ಕಟ್ಟಿ ಇಟ್ಟುಕೊಳ್ಳೋ ಹಕ್ಕು. ಡಾಟ್ ಕಾಮ್ ಹೆಸರುಗಳ ಮೂಲ ಕಡತ ಅಮೆರಿಕದ ವೆರಿಸೈನ್ ಕಂಪನಿಯ ಹತ್ತಿರ ಇರುತ್ತೆ. ನಾವು ಅವರ ಜೊತೆ ನೇರವಾಗಿ ವ್ಯವಹರಿಸಲ್ಲ, ರಿಜಿಸ್ಟ್ರಾರ್ ಅನ್ನೋ ಅಂಗಡಿಗಳ ಮೂಲಕ ಹೋಗ್ತೀವಿ. ಈ ಅಂಗಡಿಗಳು 1998ರಲ್ಲಿ ಹುಟ್ಟಿದ ಐಕ್ಯಾನ್ ಸಂಸ್ಥೆಯ ನಿಯಮಕ್ಕೆ ಒಳಪಟ್ಟಿವೆ. ಅದರ ವರ್ಗಾವಣೆ ನೀತಿಯ ಪ್ರಕಾರ, ಹೆಸರು ನೋಂದಣಿಯಾದ 60 ದಿನದೊಳಗೆ ಯಾರಾದರೂ ಅದನ್ನು ಬೇರೆ ರಿಜಿಸ್ಟ್ರಾರ್‌ಗೆ ಒಯ್ಯೋಕೆ ಹೊರಟರೆ ಈಗಿನ ರಿಜಿಸ್ಟ್ರಾರ್ ‘ಆಗಲ್ಲ’ ಅನ್ನಬಹುದು. ಹಳೇ ಹೆಸರೇ ಆಗಿದ್ದರೂ, ಒಂದು ಅಂಗಡಿಯಿಂದ ಇನ್ನೊಂದಕ್ಕೆ ಬಂದು 60 ದಿನ ಆಗಿಲ್ಲದಿದ್ದರೆ ಅದಕ್ಕೂ ಇದೇ ಮಾತು. ನೀತಿಯಲ್ಲಿರೋದು ‘ಅನ್ನಬಹುದು’ ಅಂತ, ‘ಅನ್ನಲೇಬೇಕು’ ಅಂತಲ್ಲ. ಆದರೆ ನಾನು ಬಳಸಿರೋ ರಿಜಿಸ್ಟ್ರಾರ್‌ಗಳೆಲ್ಲ ಅಂದೇ ಅಂದಿವೆ.

ಈ ಬೀಗಕ್ಕೆ ಕಾರಣ ಇದೆ. ಕದ್ದ ಕ್ರೆಡಿಟ್ ಕಾರ್ಡಿನಲ್ಲಿ ಹೆಸರು ಕೊಂಡು, ಬ್ಯಾಂಕಿಗೆ ದೂರು ಹೋಗೋ ಮೊದಲೇ ಬೇರೆ ದೇಶದ ರಿಜಿಸ್ಟ್ರಾರ್‌ಗೆ ಸಾಗಿಸಿಬಿಟ್ಟರೆ ಹಿಂದೆ ಪಡೆಯೋದು ದೊಡ್ಡ ತಲೆನೋವು. ಹಾಗಾಗಿ ಬೀಗದ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು 30 ದಿನಕ್ಕೆ ಇಳಿಸಬೇಕು ಅಂತ ಐಕ್ಯಾನ್‌ನ ಕಾರ್ಯತಂಡವೊಂದು ಶಿಫಾರಸು ಮಾಡಿದೆ. ಇಳಿದರೂ ನನ್ನ ಮಾತು ಬದಲಾಗಲ್ಲ, ಯಾಕಂದ್ರೆ ನನ್ನ ಜಗಳ ಬೀಗದ ಜೊತೆ ಅಲ್ಲ, ಬೀಗದ ಬಗ್ಗೆ ತುಟಿ ಬಿಚ್ಚದವರ ಜೊತೆ.

ನನ್ನ ಜೊತೆ ಓದಿದ ಗೆಳತಿಯೊಬ್ಬಳು ಟೆಸ್ಟಿಂಗ್ ಕೆಲಸ ಬಿಟ್ಟು ಧಾರವಾಡದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಮಾರೋ ವ್ಯಾಪಾರ ಶುರು ಮಾಡಿದಳು. ಬ್ರ್ಯಾಂಡಿಗೆ ಇಟ್ಟ ಹೆಸರಿನ ಡಾಟ್ ಕಾಮ್ ಯಾರದೋ ಕೈಯಲ್ಲಿತ್ತು. ಚೌಕಾಸಿ ಮಾಡಿ 22 ಸಾವಿರಕ್ಕೆ ಮುಗಿಸಿ, 2025ರ ಆಗಸ್ಟ್ 14ಕ್ಕೆ ಯುಪಿಐನಲ್ಲಿ ಪೂರ್ತಿ ದುಡ್ಡು ಕಳಿಸಿದಳು. ಅದೇ ದಿನ ಎರಡು ಸಾವಿರ ಕವರ್ ಪ್ರಿಂಟಿಗೆ ಕೊಟ್ಟಳು, ಕವರ್ ಮೇಲೆ ದೊಡ್ಡದಾಗಿ ವೆಬ್‌ಸೈಟ್ ಹೆಸರು. ನವರಾತ್ರಿ ಸೆಪ್ಟೆಂಬರ್ 22ಕ್ಕೆ ಶುರು, ಅಷ್ಟರೊಳಗೆ ಆರ್ಡರ್ ತಗೊಳ್ಳಬೇಕು ಅನ್ನೋ ಲೆಕ್ಕ. ಆಮೇಲೆ ಅವಳ ವೆಬ್ ಕೆಲಸ ಮಾಡೋ ಹುಡುಗ ಆಥ್ ಕೋಡ್ ಕೇಳಿದ. ಆಥ್ ಕೋಡ್ ಅಂದರೆ ಹೆಸರನ್ನು ಬೇರೆ ರಿಜಿಸ್ಟ್ರಾರ್‌ಗೆ ಒಯ್ಯೋಕೆ ಬೇಕಾದ ಗುಟ್ಟಿನ ಸಂಖ್ಯೆ. ಮಾರಿದವನಿಂದ ಉತ್ತರ ಬಂತು: ‘ಮೇಡಂ, ಅಕ್ಟೋಬರ್ 2ರವರೆಗೆ ಕೊಡೋಕಾಗಲ್ಲ, ಸಿಸ್ಟಂ ಲಾಕ್.’

ಅಕ್ಟೋಬರ್ 2 ಅಂದರೆ ಆ ವರ್ಷದ ವಿಜಯದಶಮಿ. ಹಬ್ಬ ಮುಗಿಯೋ ದಿನ.

ಅವನು ಆ ಹೆಸರನ್ನು ನೋಂದಾಯಿಸಿದ್ದೇ ಆಗಸ್ಟ್ 3ಕ್ಕೆ. ಮಾರುವಾಗ ಅದಕ್ಕೆ ಹನ್ನೊಂದು ದಿನದ ವಯಸ್ಸು. ‘ಚಿಂತೆ ಬೇಡ, ನಿಮ್ಮ ವೆಬ್‌ಸೈಟ್ ಎಲ್ಲಿದೆಯೋ ಅಲ್ಲಿಗೆ ನಾನೇ ತಿರುಗಿಸಿಕೊಡ್ತೀನಿ’ ಅಂದ. ತಾಂತ್ರಿಕವಾಗಿ ಅದು ಸರಿಯೇ. ಬೀಗ ಇರುವಾಗಲೂ ನೇಮ್‌ಸರ್ವರ್ ಬದಲಾಯಿಸಬಹುದು, ವೆಬ್‌ಸೈಟ್ ನಡೆಯುತ್ತೆ, ಇಮೇಲ್ ನಡೆಯುತ್ತೆ. ಆದರೆ ಹೆಸರು ಇರೋದು ಅವನ ಖಾತೆಯಲ್ಲಿ. ಅವನು ಮನಸ್ಸು ಮಾಡಿದರೆ ನಾಳೆ ಬೆಳಿಗ್ಗೆ ಅವಳ ಇಮೇಲ್ ಎಲ್ಲ ಬೇರೆ ಕಡೆ ಹೋಗೋ ಹಾಗೆ ಮಾಡಬಹುದು. ಇಮೇಲ್ ಹೋದರೆ ಅದಕ್ಕೆ ಬರೋ ಪಾಸ್‌ವರ್ಡ್ ರಿಸೆಟ್ ಲಿಂಕುಗಳೂ ಹೋದವು. ಪೇಮೆಂಟ್ ಖಾತೆ, ಇನ್‌ಸ್ಟಾಗ್ರಾಮ್, ಕೊರಿಯರ್ ಖಾತೆ ಎಲ್ಲ ಆ ವಿಳಾಸಕ್ಕೇ ಜೋಡಿಸಿದ್ದಳು. ಅವನು ಕೆಟ್ಟವನು ಅಂತ ಅಲ್ಲ. ಅವನ ಖಾತೆ ಹ್ಯಾಕ್ ಆದರೂ ನಷ್ಟ ಇವಳಿಗೇ. 22 ಸಾವಿರ ಕೊಟ್ಟು ಐವತ್ತು ದಿನ ಅಪರಿಚಿತನ ಒಳ್ಳೆಯತನವನ್ನು ನಂಬಿ ಕೂರೋದು ಅವಳು ಒಪ್ಪಿದ ವ್ಯಾಪಾರ ಆಗಿರಲಿಲ್ಲ.

ಅವಳ ಪರವಾಗಿ ನಾನು ಫೋನ್ ಮಾಡಿದೆ. ಮೋಸಗಾರ ಸಿಗ್ತಾನೆ ಅಂದುಕೊಂಡಿದ್ದೆ, ಸಿಕ್ಕಿದ್ದು ಕೊನೇ ವರ್ಷದ ಇಂಜಿನಿಯರಿಂಗ್ ಹುಡುಗ, ಮರ್ಯಾದಸ್ಥ. ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ ಮುಚ್ಚುಮರೆ ಇಲ್ಲದೆ ಹೇಳಿದ: ‘ಸರ್, ಲಾಕ್ ಇದೆ ಅಂದ್ರೆ ಯಾವಾಗ ತಗೊಂಡ್ರಿ ಅಂತ ಕೇಳ್ತಾರೆ. ಹನ್ನೊಂದು ದಿನ ಅಂದ್ರೆ, ಸಾವಿರಕ್ಕೆ ತಂದು ಇಪ್ಪತ್ತೆರಡು ಸಾವಿರಕ್ಕೆ ಕೊಡ್ತಿದ್ದೀರಾ ಅಂತಾರೆ.’

ವಿಷಯದ ತಿರುಳು ಇದೇ ಅಂತ ನನಗೆ ಅನಿಸಿದ್ದು ಆಗ. ಬೀಗವನ್ನು ಯಾರೂ ಬೀಗಕ್ಕೋಸ್ಕರ ಬಚ್ಚಿಡಲ್ಲ. ಬಚ್ಚಿಡೋದು ಹೆಸರಿನ ವಯಸ್ಸನ್ನು. ವಯಸ್ಸು ತಿಳಿದರೆ ಅಸಲು ತಿಳಿಯುತ್ತೆ, ಅಸಲು ತಿಳಿದರೆ ಚೌಕಾಸಿ ಕೆಳಗಿನಿಂದ ಶುರುವಾಗುತ್ತೆ. ಬೀಗದ ಸುದ್ದಿ ಆ ಸರಪಳಿಯ ಮೊದಲ ಕೊಂಡಿ, ಅಷ್ಟೇ.

ನಮ್ಮ ತಾತ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗ್ತಿದ್ದರು. ಅಲ್ಲಿ ಬೆಲೆ ಮಾತಾಡೋದು ಟವೆಲ್ ಕೆಳಗೆ ಬೆರಳು ಹಿಡಿದು, ಪಕ್ಕದವನಿಗೂ ಕಾಣದ ಹಾಗೆ. ಆದರೆ ಎತ್ತಿನ ಹಲ್ಲು ಮಾತ್ರ ಬಯಲಲ್ಲೇ ನೋಡಬೇಕು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಅಂತ ಕೊಳ್ಳುವವನು ಬಾಯಿ ಬಿಡಿಸಿ ನೋಡ್ತಾನೆ, ಮಾರುವವನು ಹಗ್ಗ ಹಿಡಿದು ನಿಂತಿರ್ತಾನೆ. ಬೆಲೆ ಗುಟ್ಟು, ವಯಸ್ಸು ಗುಟ್ಟಲ್ಲ. ಲಾಭ ಎಷ್ಟು ಅಂತ ಮಾತ್ರ ಯಾರೂ ಕೇಳಲ್ಲ, ಕೇಳಿದರೆ ಉತ್ತರವೂ ಸಿಗಲ್ಲ.

ಹೆಸರಿನ ವ್ಯಾಪಾರದಲ್ಲೂ ಹೀಗೇ ಇರಬಹುದಲ್ಲ? ಸಾವಿರಕ್ಕೆ ತಂದು ಇಪ್ಪತ್ತು ಸಾವಿರಕ್ಕೆ ಮಾರೋದು ತಪ್ಪು ಅಂತ ನಾನು ಹೇಳಲ್ಲ. ನಾಳೆ ಯಾರಿಗೆ ಯಾವ ಹೆಸರು ಬೇಕಾಗುತ್ತೆ ಅಂತ ಊಹಿಸೋದೂ ಒಂದು ಕೆಲಸವೇ, ಹತ್ತು ಊಹೆಯಲ್ಲಿ ಒಂಬತ್ತು ಮಣ್ಣು ಪಾಲಾಗುತ್ತವೆ. ಇದು ನನಗೂ ಗೊತ್ತು, ಯಾಕಂದ್ರೆ ಮಾರೋಕೆ ಇಟ್ಟ ಆರು ಹೆಸರು ನನ್ನ ಹತ್ತಿರವೂ ಇವೆ. ಪ್ರತಿಯೊಂದರ ವಿವರಣೆಯಲ್ಲೂ ಮೂರು ವಿಷಯ ಬರೆದಿಟ್ಟಿದ್ದೀನಿ: ಇಂಥ ದಿನ ನೋಂದಣಿಯಾಗಿದೆ, ಇಂಥ ರಿಜಿಸ್ಟ್ರಾರ್‌ನಲ್ಲಿದೆ, ಇಂಥ ದಿನದವರೆಗೆ ಹೊರಗೆ ಹೋಗಲ್ಲ, ಅಲ್ಲಿಯವರೆಗೆ ಅದೇ ರಿಜಿಸ್ಟ್ರಾರ್‌ನಲ್ಲಿ ನಿಮ್ಮ ಖಾತೆಗೆ ಹಾಕಿಕೊಡ್ತೀನಿ. ಇದರಿಂದ ನಷ್ಟ ಆಗಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಪುಣೆಯ ಒಬ್ಬರು ದಿನಾಂಕ ನೋಡಿದವರೇ 15 ಸಾವಿರದ ಹೆಸರನ್ನು ಅರ್ಧಕ್ಕೆ ಕೇಳಿದರು, 9 ಸಾವಿರಕ್ಕೆ ಮುಗೀತು. ಮೈಸೂರಿನ ಡೆಂಟಿಸ್ಟ್ ಒಬ್ಬರು ‘ಬೀಗ ಬಿಟ್ಟ ಮೇಲೆ ಮಾತಾಡೋಣ’ ಅಂದರು. ಬೀಗ ಬಿಟ್ಟ ಮಾರನೇ ದಿನವೇ ಮೆಸೇಜ್ ಮಾಡಿ, ಹೇಳಿದ ಬೆಲೆಗೇ ತಗೊಂಡರು.

ಗೆಳತಿಯ ಕಥೆಗೆ ಬರೋಣ. ಪರಿಹಾರ ಇದ್ದದ್ದು ಆ ಕೊನೇ ಸಾಲಿನಲ್ಲೇ. ಒಂದೇ ರಿಜಿಸ್ಟ್ರಾರ್‌ನೊಳಗೆ ಒಂದು ಖಾತೆಯಿಂದ ಇನ್ನೊಂದಕ್ಕೆ ಹೆಸರು ದಾಟಿಸೋದನ್ನು ‘ಪುಷ್’ ಅಂತಾರೆ. ಅಂಗಡಿ ಬದಲಾಗಲ್ಲ, ಹಾಗಾಗಿ 60 ದಿನದ ನಿಯಮ ಅಡ್ಡ ಬರಲ್ಲ. ಇವಳು ಅಲ್ಲೇ ಒಂದು ಖಾತೆ ತೆರೆದಳು, ಅವನು ಪುಷ್ ಮಾಡಿದ. ದುಡ್ಡು ಕೊಟ್ಟ ಐದನೇ ದಿನ ಹೆಸರು ಅವಳದ್ದಾಯ್ತು. ಮೊದಲ ದಿನವೇ ಹೇಳಿದ್ದರೆ ಮೊದಲ ದಿನವೇ ಆಗ್ತಿತ್ತು. ಆ ನಾಲ್ಕು ರಾತ್ರಿ ಅವಳು ನಿದ್ದೆ ಮಾಡಿದ್ದು ಅಷ್ಟಕ್ಕಷ್ಟೇ.

ಆದರೆ ಪುಷ್‌ನಲ್ಲೂ ಒಂದು ಗುಂಡಿ ಇದೆ, ಇದು ಮಾರುವ ಎಷ್ಟೋ ಜನಕ್ಕೂ ಗೊತ್ತಿಲ್ಲ. 2016ರ ಡಿಸೆಂಬರ್ 1ರಿಂದ ಐಕ್ಯಾನ್ ಇನ್ನೊಂದು ನಿಯಮ ತಂದಿದೆ. ಮಾಲೀಕರ ಹೆಸರು, ಸಂಸ್ಥೆ ಅಥವಾ ಇಮೇಲ್ ಬದಲಾದರೆ ಆ ದಿನದಿಂದ ಹೊಸದಾಗಿ 60 ದಿನದ ಬೀಗ ಬೀಳುತ್ತೆ. ಅಂದರೆ ಮೊದಲ ಬೀಗದ 55ನೇ ದಿನ ಹೆಸರು ಕೊಂಡು ‘ಇನ್ನೈದೇ ದಿನ’ ಅಂದುಕೊಂಡವರಿಗೆ ಮತ್ತೆ ಎರಡು ತಿಂಗಳು ಕಾಯೋ ಭಾಗ್ಯ. ಇದರಿಂದ ತಪ್ಪಿಸಿಕೊಳ್ಳೋ ಆಯ್ಕೆಯನ್ನು ರಿಜಿಸ್ಟ್ರಾರ್ ಕೊಡಬಹುದು, ಕೊಡಲೇಬೇಕು ಅಂತಿಲ್ಲ. ಕೊಟ್ಟರೂ ಬದಲಾವಣೆ ಕೇಳೋಕೆ ಮೊದಲೇ ಅದನ್ನು ಆರಿಸಿರಬೇಕು, ಆಮೇಲೆ ಪ್ರಯೋಜನವಿಲ್ಲ. ಆ ಟಿಕ್ ಬೀಳಬೇಕಾದದ್ದು ಮಾರುವವನ ಖಾತೆಯಲ್ಲಿ. ನಾವು ಫೋನಿನಲ್ಲಿ ಅವನಿಂದಲೇ ಹುಡುಕಿಸಿ ಒತ್ತಿಸಿದೆವು. ಹಾಗಾಗಿ ಮಾರುವವರು ಹೇಳಬೇಕಾದದ್ದು ಒಂದು ದಿನಾಂಕವಲ್ಲ, ಎರಡು: ಈಗಿರೋ ಬೀಗ ಎಂದು ತೆಗೆಯುತ್ತೆ, ಮಾರಿದ ಮೇಲೆ ಹೊಸದು ಬೀಳುತ್ತೋ ಇಲ್ಲವೋ.

ಹೇಳದಿದ್ದರೆ ಕಾನೂನು ಏನನ್ನುತ್ತೆ? ನಾನು ವಕೀಲನಲ್ಲ, ಆದರೆ 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಂ ಓದಿದರೆ ಮಜಾ ಇದೆ. ಸುಮ್ಮನಿರೋದು ಅಷ್ಟರಿಂದಲೇ ವಂಚನೆ ಆಗಲ್ಲ ಅನ್ನುತ್ತೆ ಅದು. ಹೇಳೋ ಕರ್ತವ್ಯ ಇದ್ದಾಗ, ಇಲ್ಲವೇ ಮೌನವೇ ಮಾತಿಗೆ ಸಮವಾದಾಗ ಮಾತ್ರ ಆಗುತ್ತೆ. ಉದಾಹರಣೆಗೆ ಕುದುರೆ ಬರುತ್ತೆ. ಕುದುರೆಗೆ ಕಾಯಿಲೆ ಇದೆ ಅಂತ ಗೊತ್ತಿದ್ದೂ ಹರಾಜಿನಲ್ಲಿ ಬಾಯಿ ಮುಚ್ಚಿಕೊಂಡು ಮಾರಿದರೆ ವಂಚನೆ ಅಲ್ಲ. ಆದರೆ ಕೊಳ್ಳುವವನು ‘ನೀನು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂತಲೇ ತಿಳೀತೀನಿ’ ಅಂದ ಮೇಲೂ ಸುಮ್ಮನಿದ್ದರೆ, ಆ ಮೌನವೇ ಮಾತು. 19ನೇ ಕಲಂ ಇನ್ನೂ ಬಿಗಿ: ಸಾಮಾನ್ಯ ಎಚ್ಚರ ವಹಿಸಿದ್ದರೆ ಕೊಳ್ಳುವವನೇ ಸತ್ಯ ಪತ್ತೆ ಮಾಡಬಹುದಿತ್ತು ಅಂತಾದರೆ, ಮೌನದ ಕಾರಣಕ್ಕೆ ಕರಾರು ರದ್ದು ಮಾಡೋದು ಕಷ್ಟ. ಡೊಮೇನಿನ ಹುಟ್ಟಿದ ದಿನ ಜಗತ್ತಿಗೇ ಕಾಣೋ ಹಾಗಿರುತ್ತೆ. ‘ನೀವೇ ನೋಡಬಹುದಿತ್ತಲ್ಲ’ ಅಂತ ಅವರು ಅಂದರೆ ಅದಕ್ಕೆ ತೂಕ ಇದೆ. ಬರೀ ಸುಮ್ಮನಿರದೆ ‘ತಕ್ಷಣ ಟ್ರಾನ್ಸ್‌ಫರ್’ ಅಂತ ಬರೆದುಕೊಂಡವರ ಕಥೆ ಬೇರೆ. ಅದು ಮೌನವಲ್ಲ, ಹೇಳಿಕೆ.

ನೋಡೋದು ಸುಲಭ. ಲುಕಪ್ ಡಾಟ್ ಐಕ್ಯಾನ್ ಡಾಟ್ ಆರ್ಗ್ ತೆರೆದು ಹೆಸರು ಹಾಕಿ. ಹಳೇ ಹೂಈಸ್ ಬದಲು 2025ರ ಜನವರಿ 28ರಿಂದ ಆರ್‌ಡಿಎಪಿ ಅನ್ನೋ ವ್ಯವಸ್ಥೆ ಅಧಿಕೃತವಾಗಿದೆ, ಈ ಪುಟ ಅದರಿಂದಲೇ ಮಾಹಿತಿ ತರುತ್ತೆ. ಮಾಲೀಕರ ಹೆಸರು ಬಹಳ ಸಲ ಮರೆಯಲ್ಲಿರುತ್ತೆ, ನೋಂದಣಿ ದಿನಾಂಕ ಕಾಣುತ್ತೆ. ಅದಕ್ಕೆ 60 ದಿನ ಕೂಡಿಸಿ. ಸಮಯ ಯುಟಿಸಿಯಲ್ಲಿರುತ್ತೆ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ, ಕೊನೇ ದಿನ ಪರದಾಡಬೇಡಿ. ಅಲ್ಲೇ ‘ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್’ ಅಂತ ಕಂಡರೆ ಗಾಬರಿ ಬೇಡ. ಅದು ಸಾಮಾನ್ಯವಾಗಿ ಎಲ್ಲರೂ ಹಾಕಿಕೊಳ್ಳೋ ಚಿಲಕ, ಮಾಲೀಕರು ಬೇಕಾದಾಗ ತೆಗೀಬಹುದು. ಇಲ್ಲಿ ಮುಖ್ಯವಾದದ್ದು ದಿನಾಂಕ. ಡಾಟ್ ಇನ್ ಹೆಸರಾದರೆ ಅದು ನಿಕ್ಸಿ ಸಂಸ್ಥೆಯ ಕೈಯಲ್ಲಿದೆ, ಐಕ್ಯಾನ್‌ನ ಈ ನೀತಿ ಅದಕ್ಕೆ ಅನ್ವಯಿಸಲ್ಲ. ಅಲ್ಲಿ ದಿನಾಂಕದ ಜೊತೆಗೆ ರಿಜಿಸ್ಟ್ರಾರ್ ನಿಯಮವನ್ನೂ ಕೇಳಿಕೊಳ್ಳಿ.

ದುಡ್ಡು ಕಳಿಸೋ ಮೊದಲು ಮಾರುವವರಿಗೆ ವಾಟ್ಸ್ಆ್ಯಪಿನಲ್ಲಿ ಹೀಗೆ ಬರೀರಿ: ‘ಈ ಹೆಸರಿಗೆ ಯಾವ ವರ್ಗಾವಣೆ ಬೀಗವೂ ಇಲ್ಲ, ಮಾರಿದ ಮೇಲೂ ಬೀಳಲ್ಲ ಅಂತ ತಿಳಿದು ದುಡ್ಡು ಕಳಿಸ್ತಿದ್ದೀನಿ. ಹಾಗಲ್ಲದಿದ್ದರೆ ಈಗಲೇ ತಿಳಿಸಿ.’ ನೀಲಿ ಟಿಕ್ ಬಿದ್ದು ಉತ್ತರ ಬರೋಕೆ ತಡ ಆಗ್ತಿದೆ ಅನಿಸಿದರೆ, ಆ ಹೊತ್ತಿನಲ್ಲಿ ಲುಕಪ್ ಪುಟ ತೆರೆದು ದಿನಾಂಕ ನೋಡಿಬಿಡಿ.