ಸೋಫಾ ಹಿಂದಿನ ಉಚ್ಚೆ

ಬೀದಿಯಿಂದ ತಂದ ಚುಕ್ಕಿಗೆ ಈಗ ಮೂರು ತಿಂಗಳು. ಮೊದಮೊದಲು ಹಾಲ್‌ನಲ್ಲಿ ಉಚ್ಚೆ ಹೊಯ್ದಾಗಲೆಲ್ಲ ಮೀಟಿಂಗ್ ಮ್ಯೂಟ್ ಮಾಡಿ ಗದರುತ್ತಿದ್ದೆ. ಅವಳು ಕಲಿತದ್ದೇನು ಗೊತ್ತಾ? ಸೋಫಾ ಹಿಂದೆ ಹೋಗಿ ಹೊಯ್ಯೋದು! ಆಮೇಲಾಮೇಲೆ ನಾನು ಕುರ್ಚಿಯಿಂದ ಎದ್ದರೂ ಸಾಕು, ಬಾಲ ಮುದುರಿ ಮಂಚದ ಕೆಳಗೆ.

"ಅದು ಕೂಸು ಕಣೋ. ನೀನೆಷ್ಟು ಚಾಪೆ ನೆನೆಸಿದ್ದೀಯ, ನಾನು ಬೈದ್ನಾ?" ಅಂದ್ರು ಅಮ್ಮ.

ಲಸಿಕೆ ಇನ್ನೂ ಮುಗಿದಿಲ್ಲ. ಪಾರ್ವೋ ಭಯಕ್ಕೆ ಬೀದಿಗೆ ಇಳಿಸೋ ಹಾಗಿಲ್ಲ. ಬಾಲ್ಕನಿಯಲ್ಲಿ ಹಳೇ ಪೇಪರ್ ಹಾಸಿದೆ. ನಿದ್ದೆಯಿಂದ ಎದ್ದ ತಕ್ಷಣ, ಊಟ ಆದ ಮೇಲೆ, ಆಟ ಮುಗಿದಾಗ ಅಲ್ಲಿಗೆ ಎತ್ತಿಕೊಂಡು ಹೋಗೋದು. ರಾತ್ರಿ ಎರಡಕ್ಕೂ ಅಲಾರಂ. ಅಲ್ಲೇ ಮಾಡಿದರೆ ಆ ಕ್ಷಣವೇ ಬೇಯಿಸಿದ ಕೋಳಿಯ ಒಂದು ಚೂರು. ತಡವಾದರೆ ಯಾಕೆ ಕೊಟ್ಟೆ ಅಂತ ಅವಳಿಗೆ ತಿಳಿಯಲ್ಲ. ಬೈಗುಳವೂ ಅಷ್ಟೇ.

ನಿನ್ನೆ ಸ್ಟ್ಯಾಂಡಪ್ ನಡುವೆ ತಾನಾಗೇ ಬಾಲ್ಕನಿ ಬಾಗಿಲು ಕೆರೆದಳು. ಮ್ಯೂಟ್ ಮರೆತು "ಶಭಾಷ್ ಚುಕ್ಕಿ!" ಅಂತ ಕೂಗಿಬಿಟ್ಟೆ. ಜೋರು ದನಿ ಕೇಳಿ ಮತ್ತೆ ಮಂಚದ ಕೆಳಗೆ ಓಡಿದಳು.